ಬರೋಲೊ ಒಗರು, ಅಮರೋನೆ ಸಿಹಿ: ಇಟಲಿಯ ದುಬಾರಿ ಕೆಂಪು ವೈನ್‌ಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ಮಗಳು, ಅಳಿಯ ಟ್ಯೂರಿನ್‌ನಲ್ಲಿದ್ದಾರೆ. ಹೋದ ತಿಂಗಳು ಬರುವಾಗ ಎರಡು ಬರೋಲೊ, ಒಂದು ಅಮರೋನೆ ಬಾಟಲಿ ತಂದರು. ಬರೋಲೊ 2021ರದ್ದು. ಅಮರೋನೆಗಿಂತ ಅದಕ್ಕೇ ದುಡ್ಡು ಜಾಸ್ತಿ ಆಯಿತಂತೆ. ಒಂದು ಶನಿವಾರ ಗೆಳೆಯರನ್ನು ಕರೆದು ಎರಡರಲ್ಲೂ ಒಂದೊಂದು ಬಾಟಲಿ ತೆರೆದೆವು. ಜೊತೆಗೆ ಚಿಲ್ಲಿ ಚಿಕನ್, ಪನೀರ್ ಟಿಕ್ಕಾ ಇತ್ತು. ಅಮರೋನೆ ಎಲ್ಲರಿಗೂ ಹಿಡಿಸಿತು. ಬರೋಲೊ ಮಾತ್ರ ಬಣ್ಣವೂ ತೆಳು, ಬಾಯಿಗಿಟ್ಟರೆ ಹಸಿ ಅಡಿಕೆ ಜಗಿದ ಹಾಗೆ ಒಗರು. ಅರ್ಧ ಬಾಟಲಿ ಹಾಗೇ ಉಳಿಯಿತು. ನಾವು ಮೋಸ ಹೋದೆವಾ, ಇಲ್ಲಾ ನಮಗೇ ರುಚಿ ಗೊತ್ತಾಗಲಿಲ್ಲವಾ? ಇನ್ನೊಂದು ಬಾಟಲಿಯನ್ನು ಎಷ್ಟು ವರ್ಷ ಇಡಬೇಕು? ನವೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಇಟಲಿಯ ಒಳ್ಳೆಯ ಕೆಂಪು ವೈನ್‌ಗಳನ್ನು ಸರಿಯಾಗಿ ಹೋಲಿಸಿ ನೋಡಬೇಕು ಅಂದರೆ ಏನು ತರಬೇಕು, ಹೇಗೆ ಕುಡಿಯಬೇಕು? (ಬೆಂಗಳೂರಿನ ಓದುಗರು)

ಉತ್ತರ: ಮೋಸ ಹೋಗಿಲ್ಲ. ನಿಮ್ಮ ನಾಲಿಗೆಯೂ ಸರಿಯಾಗಿಯೇ ಹೇಳಿದೆ. ತೆಳು ಬಣ್ಣ, ಬಾಯಿ ಒಣಗಿಸುವ ಒಗರು, ಇವೆರಡೂ ಎಳೆ ಬರೋಲೊದ ಗುರುತುಗಳೇ. ಅದು ಕಡುಗಪ್ಪಾಗಿ, ಮೆತ್ತಗೆ ಇದ್ದಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಎಡವಟ್ಟಾಗಿದ್ದು ಅದರ ಪಕ್ಕದಲ್ಲಿ ಇಟ್ಟ ಬಾಟಲಿಯಿಂದ, ತಟ್ಟೆಯಲ್ಲಿದ್ದ ಖಾರದಿಂದ, ಮತ್ತು ಬಹುಶಃ ಆ ದಿನದ ಸೆಖೆಯಿಂದ.

ಬರೋಲೊ, ಅಮರೋನೆ ಎರಡೂ ಇಟಲಿಯವು, ಎರಡೂ ಕೆಂಪು, ಎರಡೂ ದುಬಾರಿ. ಅಷ್ಟು ಬಿಟ್ಟರೆ ಅವಕ್ಕೆ ನೆಂಟಸ್ತಿಕೆ ಇಲ್ಲ. ದ್ರಾಕ್ಷಿ ಬೇರೆ, ನಾಡು ಬೇರೆ, ಮಾಡುವ ರೀತಿ ಬೇರೆ. ಎಲ್ಲವೂ ಬೇರೆ ಇರುವ ಎರಡು ವೈನ್‌ಗಳನ್ನು ಅಕ್ಕಪಕ್ಕ ಇಟ್ಟರೆ ಸಿಹಿ ಇರುವುದು, ಮೈಕಟ್ಟು ಇರುವುದು ಗೆಲ್ಲುತ್ತದೆ. ಯಾವಾಗಲೂ. ನುರಿತವರ ಮೇಜಿನಲ್ಲೂ ಹೀಗೇ ಆಗುತ್ತದೆ, ಅವರು ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಹಾಗಾಗಿ ನನ್ನ ಸಲಹೆ ಇಷ್ಟು: ಹೋಲಿಸುವಾಗ ಒಂದನ್ನು ಮಾತ್ರ ಬದಲಾಯಿಸಿ, ಉಳಿದದ್ದೆಲ್ಲ ಒಂದೇ ಇರಲಿ. ದ್ರಾಕ್ಷಿ ಒಂದೇ, ಊರು ಬೇರೆ. ಇಲ್ಲಾ ಊರು ಒಂದೇ, ವರ್ಷ ಬೇರೆ. ಆಗ ಗ್ಲಾಸಿನಲ್ಲಿ ಕಾಣುವ ವ್ಯತ್ಯಾಸಕ್ಕೆ ಒಂದು ಕಾರಣ ಸಿಗುತ್ತದೆ. ಈಗ ನಿಮಗೆ ಸಿಕ್ಕಿದ್ದು ಬರೀ ಇಷ್ಟ, ಕಷ್ಟ.

ಮೊದಲು ಬರೋಲೊ ಯಾಕೆ ಹಾಗಿತ್ತು ಅಂತ ನೋಡೋಣ. ಇದನ್ನು ಮಾಡುವುದು ಪಿಯೆಮೊಂತೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಹತ್ತಿರದ ಲಾಂಗೆ ಗುಡ್ಡಗಳ 11 ಊರುಗಳಲ್ಲಿ. ನಿಮ್ಮ ಮಗಳ ಟ್ಯೂರಿನ್‌ನಿಂದ ದೂರವೇನಿಲ್ಲ. ಬಳಸಬಹುದಾದ ದ್ರಾಕ್ಷಿ ಒಂದೇ ಒಂದು, ನೆಬ್ಬಿಯೋಲೊ. ಅಕ್ಟೋಬರ್ ತನಕ ಗಿಡದಲ್ಲೇ ಇದ್ದು ತಡವಾಗಿ ಹಣ್ಣಾಗುವ ಜಾತಿ ಇದು. ಇದರ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಇರುವ ಬಣ್ಣವೂ ಬೇಗ ಮಾಸುತ್ತದೆ. ಆದರೆ ಒಗರು ಕೊಡುವ ಟ್ಯಾನಿನ್ ಯಥೇಚ್ಛ, ಹುಳಿಯೂ ಜಾಸ್ತಿ. ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿದು ನೋಡಿ. ಹಾಳೆಯ ಅಕ್ಷರಗಳನ್ನು ವೈನಿನ ಮೂಲಕ ಓದಬಹುದು. ನಡುವೆ ದಾಳಿಂಬೆ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಎಳೆ ವೈನಿನಲ್ಲೂ ಈ ಇಟ್ಟಿಗೆ ಬಣ್ಣ ಕಾಣುತ್ತದೆ. ಬೇರೆ ದ್ರಾಕ್ಷಿಯಲ್ಲಿ ಹೀಗೆ ಕಂಡರೆ ವೈನ್‌ಗೆ ವಯಸ್ಸಾಯಿತು ಅನ್ನಬಹುದು, ನೆಬ್ಬಿಯೋಲೊದಲ್ಲಿ ಹಾಗಲ್ಲ.

ಬಣ್ಣ ನೋಡಿ ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು. ನಿಮಗೆ ಗಲಿಬಿಲಿ ಆಗಿದ್ದು ಇದಕ್ಕೇ. ತೆಳ್ಳಗೆ ಕಂಡದ್ದು ಹಗುರವಾಗಿರುತ್ತೆ ಅಂದುಕೊಂಡು ದೊಡ್ಡ ಗುಟುಕು ತೆಗೆದುಕೊಂಡಿರುತ್ತೀರಿ. ಟ್ಯಾನಿನ್ ಹೋಗಿ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಾಯಿಯ ಜಾರಿಕೆ ಹೋಗುತ್ತದೆ, ಒಸಡು ಕೆನ್ನೆಯ ಒಳಭಾಗವೆಲ್ಲ ಎಳೆದುಕೊಂಡ ಹಾಗಾಗುತ್ತದೆ. ಪ್ರೋಟೀನು, ಕೊಬ್ಬು, ಉಪ್ಪು ಇರುವ ಊಟ ಜೊತೆಗಿದ್ದರೆ ಟ್ಯಾನಿನ್ ಅದಕ್ಕೆ ಅಂಟುತ್ತದೆ, ಬಾಯಿ ಬಚಾವಾಗುತ್ತದೆ. ಪಿಯೆಮೊಂತೆಯವರು ಬರೋಲೊ ಜೊತೆ ಗಂಟೆಗಟ್ಟಲೆ ಬೇಯಿಸಿದ ಮಾಂಸ, ಹಳೆಯ ಗಟ್ಟಿ ಚೀಸ್ ಇಟ್ಟುಕೊಳ್ಳುವುದು ಶೋಕಿಗಲ್ಲ. ಖಾರದ ಕಥೆ ಇದಕ್ಕೆ ಉಲ್ಟಾ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಇನ್ನೂ ಹೆಚ್ಚಿಸುತ್ತದೆ, ಉರಿಯುವ ಬಾಯಲ್ಲಿ ಒಗರು ಎರಡರಷ್ಟಾಗಿ ತಾಕುತ್ತದೆ. ಚಿಲ್ಲಿ ಚಿಕನ್ ತಿಂದು 2021ರ ಬರೋಲೊ ಕುಡಿದರೆ ನನಗೂ ಹಿಡಿಸುವುದಿಲ್ಲ. ಅಂಥ ತಿಂಡಿಗೆ ತಣ್ಣಗಿನ ಬಿಯರ್ ಸಾಕು, ಸುಮ್ನೆ ಬರೋಲೊ ಯಾಕೆ ಹಾಳು ಮಾಡುವುದು?

ಇನ್ನು ವಯಸ್ಸು. ಕೊಯ್ಲಾದ ವರ್ಷದ ನವೆಂಬರ್ 1ರಿಂದ ಎಣಿಸಿ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬರೋಲೊಗೆ ಕಾನೂನು ಇದು. ರಿಸರ್ವಾ ಅಂತ ಬರೆದಿದ್ದರೆ 62 ತಿಂಗಳು. ಅಂದರೆ ನಿಮ್ಮ 2021ರ ವೈನ್ ಮಾರಾಟಕ್ಕೆ ಬಂದಿದ್ದೇ 2025ರಲ್ಲಿ. ಅದು ಕೂಡ ಗಟ್ಟಿ ವರ್ಷ, ಹುಳಿ ಒಗರು ಎರಡೂ ಬಲವಾಗಿರುವ ವರ್ಷ. ಮಾರಬಹುದು ಅಂದ ಮಾತ್ರಕ್ಕೆ ಕುಡಿಯಲು ಹದವಾಗಿದೆ ಅಂತ ಅಲ್ಲವಲ್ಲ.

ಈಗ ಅಮರೋನೆ. ಇದು ವೆರೋನಾ ಪಕ್ಕದ ವಲ್ಪೊಲಿಚೆಲ್ಲಾ ಕಣಿವೆಗಳದ್ದು. ಕೊರ್ವಿನಾ, ಕೊರ್ವಿನೋನೆ, ರೊಂಡಿನೆಲ್ಲಾ ದ್ರಾಕ್ಷಿಗಳು ಮುಖ್ಯ. ಕೊಯ್ದ ಗೊಂಚಲುಗಳನ್ನು ತಕ್ಷಣ ಹಿಂಡುವುದಿಲ್ಲ. ಗಾಳಿಯಾಡುವ ಅಟ್ಟದಲ್ಲಿ, ಬಿದಿರಿನ ತಟ್ಟಿಯ ಮೇಲೋ ಕ್ರೇಟುಗಳಲ್ಲೋ, ಒಂದರ ಮೇಲೊಂದು ಬೀಳದ ಹಾಗೆ ಹರಡಿ ಮೂರು ನಾಲ್ಕು ತಿಂಗಳು ಒಣಗಿಸುತ್ತಾರೆ. ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ನೀರಾಗಿ ಹೋಗುತ್ತದೆ. ಉಳಿದ ರಸದಲ್ಲಿ ಸಕ್ಕರೆ ಗಟ್ಟಿಯಾಗಿರುತ್ತದೆ. ಚಳಿಗಾಲದಲ್ಲಿ ಅದು ನಿಧಾನಕ್ಕೆ ಹುದುಗಿ ವೈನ್ ಆಗುತ್ತದೆ. ಕನಿಷ್ಠ 14% ಆಲ್ಕೋಹಾಲ್ ಇರಬೇಕು ಅನ್ನುವುದು ನಿಯಮ, ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 15, 16. ಆಲ್ಕೋಹಾಲೇ ನಾಲಿಗೆಗೆ ಸಿಹಿ ಅನಿಸುತ್ತದೆ, ಜೊತೆಗೆ ಲೀಟರಿಗೆ ಕೆಲವು ಗ್ರಾಂ ಸಕ್ಕರೆಯೂ ಉಳಿದಿರುತ್ತದೆ. ಒಣದ್ರಾಕ್ಷಿ, ಒಣ ಪ್ಲಮ್, ಚಾಕೊಲೇಟ್ ವಾಸನೆ. ಟ್ಯಾನಿನ್ ಇದ್ದರೂ ಈ ಸಿಹಿಯ ಹೊದಿಕೆಯಲ್ಲಿ ಮರೆಯಾಗುತ್ತದೆ. ಖಾರದ ಜೊತೆಗೂ ಹೇಗೋ ಸಾಗುತ್ತದೆ. ನಿಮ್ಮ ಗೆಳೆಯರು ಅದಕ್ಕೆ ವೋಟು ಹಾಕಿದ್ದರಲ್ಲಿ ಆಶ್ಚರ್ಯ ಏನಿದೆ?

ಅಮರೋನೆ ಕೀಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯದನ್ನು ಗುರುತಿಸುವುದು ಹೇಗೆ ಅಂತ ಕೇಳಿದರೆ, ನುಂಗಿದ ಮೇಲೆ ಗಮನಿಸಿ. ಸಿಹಿ ಸರಿದ ನಂತರ ಕೊನೆಯಲ್ಲಿ ಸಣ್ಣ ಕಹಿ, ಸ್ವಲ್ಪ ಹುಳಿ ಬಂದು ಬಾಯಿ ಹಗುರವಾಗಬೇಕು. ಹಾಗಾಗದೆ ಜಾಮ್ ತಿಂದಂತಾಗಿ ಗಂಟಲು ಉರಿದರೆ ಅದು ಬರೀ ಒಣಗಿಸಿದ ದ್ರಾಕ್ಷಿಯ ಭಾರ. ನನ್ನ ಅನುಭವದಲ್ಲಿ ಅಮರೋನೆ ಗೆಲ್ಲುವುದು ಮೊದಲ ಗ್ಲಾಸಿನಲ್ಲಿ. ಎರಡನೆಯ ಗ್ಲಾಸಿಗೆ ಸಾಕು ಅನಿಸುತ್ತದೆ. ಬರೋಲೊ ಎರಡನೆಯ ಗ್ಲಾಸಿನಲ್ಲಿ ಬಾಯಿ ಬಿಡಲು ಶುರುಮಾಡುತ್ತದೆ. ಅದಕ್ಕೇ ಎರಡೆರಡು ಗುಟುಕು ಕುಡಿದು ಅಂಕ ಕೊಡುವ ಸ್ಪರ್ಧೆಗಳ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಅಂಗಡಿಯವರು ಬಾಟಲಿಗೆ ಸಿಕ್ಕಿಸಿದ 100ಕ್ಕೆ 95 ಅನ್ನುವ ಚೀಟಿಯೂ ಅಷ್ಟೇ: ಅಮರೋನೆಯ 95 ಮತ್ತು ಬರೋಲೊದ 95 ಒಂದೇ ತಕ್ಕಡಿಯಲ್ಲಿ ತೂಗಿದ್ದಲ್ಲ.

ತೆಳು ಬಣ್ಣದ ಬಗ್ಗೆ ಇನ್ನೊಂದು ಮಾತು. ಈ ಅಪನಂಬಿಕೆ ನಿಮ್ಮದೊಬ್ಬರದೇ ಅಲ್ಲ, ಇಟಲಿಯವರನ್ನೂ ಅದು ತಪ್ಪು ದಾರಿಗೆ ಎಳೆದಿದೆ. ಟಸ್ಕನಿಯ ಬ್ರುನೆಲ್ಲೊ ದಿ ಮೊಂತಾಲ್ಚಿನೊ ಕೂಡ ಒಂದೇ ದ್ರಾಕ್ಷಿಯ ವೈನ್, 100% ಸಾಂಜೋವೇಸೆ. ಬಿಯೊಂದಿ ಸಾಂತಿ ಮನೆತನದ 1888ರ ಬಾಟಲಿಗಳಿಂದ ಇದರ ಹೆಸರು ಬೆಳೆಯಿತು. ಸಾಂಜೋವೇಸೆಯ ಬಣ್ಣವೂ ಗಾಢವಲ್ಲ. ಆದರೆ 1990ರ ದಶಕದ ನಂತರ ಹೊರದೇಶಗಳ ಮಾರುಕಟ್ಟೆಗೆ ಕಡುಬಣ್ಣ, ಮೆತ್ತನೆಯ ರುಚಿ ಬೇಕಾಗಿತ್ತು. 2008ರಲ್ಲಿ ದೊಡ್ಡ ಹಗರಣವೇ ಎದ್ದಿತು. ಬ್ರುನೆಲ್ಲೊಗೆ ಬೇರೆ ದ್ರಾಕ್ಷಿ ಬೆರೆಸಿದ್ದಾರೆ ಅನ್ನುವ ಅನುಮಾನದ ಮೇಲೆ ತನಿಖೆ ನಡೆಯಿತು, ವೈನ್ ಜಪ್ತಿಯಾಯಿತು. ಪತ್ರಿಕೆಗಳು ಇದನ್ನು ಬ್ರುನೆಲ್ಲೊಪೊಲಿ ಅಂತ ಕರೆದವು. ಅದೇ ವರ್ಷ ಅಲ್ಲಿನ ಉತ್ಪಾದಕರು ಮತ ಹಾಕಿ, ಬ್ರುನೆಲ್ಲೊದಲ್ಲಿ ಸಾಂಜೋವೇಸೆ ಬಿಟ್ಟು ಬೇರೇನೂ ಇರಬಾರದು ಅನ್ನುವ ನಿಯಮವನ್ನೇ ಉಳಿಸಿಕೊಂಡರು. ಹಾಗಾಗಿ ಮುಂದೆ ಯಾವತ್ತಾದರೂ ಬ್ರುನೆಲ್ಲೊ ಗ್ಲಾಸಿನಲ್ಲಿ ಶಾಯಿಯಷ್ಟು ಕಪ್ಪಾಗಿ ಕಂಡರೆ ಖುಷಿಪಡುವ ಬದಲು ಒಂದು ಕ್ಷಣ ಯೋಚಿಸಿ.

ನೆಬ್ಬಿಯೋಲೊ, ಸಾಂಜೋವೇಸೆ ಎರಡರಲ್ಲೂ ಹುಳಿ ಒಗರು ಇದ್ದೇ ಇರುತ್ತವೆ. ವ್ಯತ್ಯಾಸ ಎಲ್ಲಿ? ನೆಬ್ಬಿಯೋಲೊದ ಒಗರು ಒಸಡಿನ ಮೇಲೆ ಕೂರುತ್ತದೆ, ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ. ಸಾಂಜೋವೇಸೆಯಲ್ಲಿ ಮುಂದೆ ನಿಲ್ಲುವುದು ಹುಳಿ, ನಾಲಿಗೆಯ ಎರಡು ಬದಿಯಲ್ಲಿ ನೀರೂರುತ್ತದೆ. ವಾಸನೆಯಲ್ಲಿ ನೆಬ್ಬಿಯೋಲೊಗೆ ಗುಲಾಬಿ ದಳ, ಡಾಂಬರು, ಅತಿಮಧುರ. ಹೌದು, ಡಾಂಬರು. ಹೊಸದಾಗಿ ಹಾಕಿದ ರಸ್ತೆಯ ವಾಸನೆಯ ಒಂದು ಎಳೆ ಗುಲಾಬಿಯ ಹಿಂದೆ ಸಿಗುತ್ತದೆ. ಓದಿದಾಗ ನಗು ಬರುತ್ತದೆ, ಒಂದು ಸಲ ಸಿಕ್ಕಿದರೆ ಮರೆಯುವುದಿಲ್ಲ. ಸಾಂಜೋವೇಸೆಗೆ ಹುಳಿ ಚೆರ್ರಿ, ಒಣ ಸೊಪ್ಪು, ಟೊಮೆಟೊ ಎಲೆ ತಿಕ್ಕಿದಾಗ ಬೆರಳಿಗೆ ಅಂಟುವ ವಾಸನೆ. ವಯಸ್ಸಾದ ಮೇಲೆ ಎರಡೂ ತೊಗಲು, ಅಣಬೆ, ಒದ್ದೆ ಮಣ್ಣಿನ ಕಡೆ ತಿರುಗುತ್ತವೆ. ಆಗ ಗುರುತಿಸುವುದು ಕಷ್ಟ.

ವೆನಿಲ್ಲಾ, ಸುಟ್ಟ ಬ್ರೆಡ್, ಕಾಫಿಯ ವಾಸನೆ ಜೋರಾಗಿ ಬಂದರೆ ಅದು ದ್ರಾಕ್ಷಿಯದ್ದಲ್ಲ, ಮರದ್ದು. 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಗೆ ಬಾರಿಕ್ ಅನ್ನುತ್ತಾರೆ. ಸಾವಿರಾರು ಲೀಟರಿನ ಹಳೆಯ ದೊಡ್ಡ ಪೀಪಾಯಿ ಬೊತ್ತೆ. ಬಾರಿಕ್ ವೈನನ್ನು ಬೇಗ ಮೆತ್ತಗೆ ಮಾಡುತ್ತದೆ, ತನ್ನ ವಾಸನೆಯನ್ನೂ ಹಚ್ಚುತ್ತದೆ. ಬೊತ್ತೆ ನಿಧಾನ, ವಾಸನೆ ಹಚ್ಚುವುದಿಲ್ಲ. ಇದರ ಮೇಲೆ ಬರೋಲೊದಲ್ಲಿ ಮನೆ ಮನೆಯಲ್ಲಿ ಜಗಳ ನಡೆದಿದೆ. 1980ರ ದಶಕದಲ್ಲಿ ಲಾ ಮೊರ್ರಾ ಊರಿನ ವೈನ್ ತಯಾರಕ ಎಲಿಯೊ ಅಲ್ತಾರೆ ಅಪ್ಪನ ಹಳೆಯ ಪೀಪಾಯಿಗಳನ್ನು ಮರ ಕೊಯ್ಯುವ ಯಂತ್ರ ಹಿಡಿದು ಕತ್ತರಿಸಿಹಾಕಿದರು. ಅಪ್ಪ ಮಗನಿಗೆ ಆಸ್ತಿಯಲ್ಲಿ ಪಾಲು ಕೊಡಲಿಲ್ಲ. ಇತ್ತ ಬಾರ್ತೊಲೊ ಮಸ್ಕರೆಲ್ಲೊ ಅನ್ನುವ ಹಳೇ ತಲೆಮಾರಿನ ಹಟಮಾರಿ ಹಿರಿಯರು ಕೈಯಲ್ಲೇ ಲೇಬಲ್ ಬಿಡಿಸಿ ‘ನೋ ಬಾರಿಕ್, ನೋ ಬೆರ್ಲುಸ್ಕೋನಿ’ ಅಂತ ಬರೆದರು. ಬೆರ್ಲುಸ್ಕೋನಿ ಅಂದರೆ ಇಟಲಿಯ ರಾಜಕಾರಣಿ. ಇವತ್ತು ಜಗಳ ತಣ್ಣಗಾಗಿದೆ. ಬಹಳಷ್ಟು ಮಂದಿ ಎರಡನ್ನೂ ಹದವಾಗಿ ಬಳಸುತ್ತಾರೆ. ಆದರೂ ಹೋಲಿಸುವಾಗ ಒಬ್ಬರು ಬಾರಿಕ್, ಇನ್ನೊಬ್ಬರು ಬೊತ್ತೆ ಬಳಸಿದ್ದರೆ ನೀವು ಮರವನ್ನು ಹೋಲಿಸುತ್ತಿರುತ್ತೀರಿ, ಊರನ್ನಲ್ಲ. ಅಂಗಡಿಯಲ್ಲಿ ಇದನ್ನೊಂದು ಕೇಳಿ, ಖಂಡಿತ ಹೇಳುತ್ತಾರೆ.

ಹಾಗಾದರೆ ಯಾವುದರ ಪಕ್ಕ ಯಾವುದು? ನನಗೆ ತುಂಬಾ ಇಷ್ಟವಾದ ಜೋಡಿ ಬರೋಲೊದೊಳಗೇ ಇದೆ. ಲಾ ಮೊರ್ರಾ ಊರಿನದ್ದೊಂದು, ಸೆರ್ರಲುಂಗಾ ದಾಲ್ಬಾ ಊರಿನದ್ದೊಂದು, ಎರಡೂ ಒಂದೇ ವರ್ಷದ್ದು. ಎರಡೂ ಊರು ಕಣ್ಣಳತೆಯಲ್ಲಿವೆ. ಒಂದರ ಗುಡ್ಡದ ಮೇಲೆ ನಿಂತರೆ ಇನ್ನೊಂದರ ಸಾಲು ಕಾಣುತ್ತದೆ. ಆದರೆ ಕಣಿವೆಯ ಪಶ್ಚಿಮಕ್ಕಿರುವ ಲಾ ಮೊರ್ರಾದ ನೆಲ ಹೊಸದು, ನೀಲಿ ಬೂದು ಬಣ್ಣದ ಸುಣ್ಣ ಬೆರೆತ ಜೇಡಿ. ಪೂರ್ವದ ಸೆರ್ರಲುಂಗಾದ್ದು ಅದಕ್ಕಿಂತ ಹಳೆಯ, ಗಟ್ಟಿ ನೆಲ. ಲಾ ಮೊರ್ರಾದ ವೈನಿನಲ್ಲಿ ಪರಿಮಳ ಮುಂದೆ ಬರುತ್ತದೆ, ಒಗರು ನಯವಾಗಿರುತ್ತದೆ. ಸೆರ್ರಲುಂಗಾದ್ದು ಬಿಗಿ, ಮಾತು ಕಡಿಮೆ, ಹೆಚ್ಚು ವರ್ಷ ಬೇಡುತ್ತದೆ. ಮಾಡಿದವರ ಕೈ, ಇಳಿಜಾರಿನ ದಿಕ್ಕು ಎಲ್ಲ ಸೇರಿ ಈ ಲೆಕ್ಕ ಆಗಾಗ ತಪ್ಪುತ್ತದೆ. ತಪ್ಪಿದಾಗಲೂ ಯಾಕೆ ತಪ್ಪಿತು ಅಂತ ಹುಡುಕಬಹುದು, ಅಲ್ವಾ? ಲೇಬಲ್ಲಿನಲ್ಲಿ ‘ದೆಲ್ ಕೊಮೂನೆ ದಿ’ ಅಂತ ಬರೆದು ಊರಿನ ಹೆಸರು ಇದ್ದರೆ ಅದು ಆ ಊರಿನ ದ್ರಾಕ್ಷಿಯದ್ದು. ಇನ್ನೂ ಸಣ್ಣ ತೋಟಪ್ರದೇಶದ ಹೆಸರುಗಳೂ ಇರುತ್ತವೆ, ಕನ್ನೂಬಿ, ಬುಸ್ಸಿಯಾ, ಬ್ರುನಾತೆ ಹೀಗೆ. 2010ರಲ್ಲಿ 11 ಊರುಗಳ ಹೆಸರೂ ಸೇರಿ ಇಂಥ 181 ಹೆಸರುಗಳನ್ನು ಅಧಿಕೃತ ಮಾಡಿದರು. ಮೊದಲ ಸಲಕ್ಕೆ ಅಷ್ಟು ಆಳಕ್ಕೆ ಇಳಿಯುವುದು ಬೇಡ.

ಮೂರನೆಯದಾಗಿ ಅದೇ ವರ್ಷದ ಬಾರ್ಬರೆಸ್ಕೊ ಸೇರಿಸಿ. ಆಲ್ಬಾದ ಆಚೆ ಬದಿಯ ನೆಬ್ಬಿಯೋಲೊ ಅದು. 26 ತಿಂಗಳಿಗೇ ಮಾರಾಟಕ್ಕೆ ಬರುತ್ತದೆ, ಸ್ವಲ್ಪ ಬೇಗ ಪಳಗುತ್ತದೆ, ಬೆಲೆಯೂ ಕೆಲವೊಮ್ಮೆ ಕಡಿಮೆ. ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ ಅಂತ ಬೆಳೆಗಾರರ ಸಹಕಾರ ಸಂಘ ಇದೆ, 1958ರಿಂದ ನಡೆಯುತ್ತಿದೆ. ಸಹಕಾರ ಸಂಘದ ವೈನ್ ಅಂದರೆ ಮೂಗು ಮುರಿಯುವವರೂ ಇವರ ಬಾಟಲಿಗೆ ಮರ್ಯಾದೆ ಕೊಡುತ್ತಾರೆ.

ಇನ್ನೊಂದು ಜೋಡಿ ಮೊಂತಾಲ್ಚಿನೊದಿಂದ. ಒಂದೇ ಮನೆಯ ರೊಸ್ಸೊ ದಿ ಮೊಂತಾಲ್ಚಿನೊ ಮತ್ತು ಬ್ರುನೆಲ್ಲೊ. ದ್ರಾಕ್ಷಿ ಒಂದೇ, ಊರು ಒಂದೇ, ಮಾಡಿದ ಕೈ ಒಂದೇ. ರೊಸ್ಸೊ ಒಂದು ವರ್ಷಕ್ಕೇ ಹೊರಬರುತ್ತದೆ. ಬ್ರುನೆಲ್ಲೊ ಕನಿಷ್ಠ ಎರಡು ವರ್ಷ ಮರದಲ್ಲಿದ್ದು, ಕೊಯ್ಲಾದ ವರ್ಷದಿಂದ ಐದನೆಯ ವರ್ಷದ ಜನವರಿಗೆ ಅಂಗಡಿ ಸೇರುತ್ತದೆ. ಸಾಮಾನ್ಯವಾಗಿ ಎಳೆ ತೋಟದ ಹಣ್ಣು ರೊಸ್ಸೊಗೆ, ಒಳ್ಳೆಯ ತುಂಡು ಜಮೀನಿನದು ಬ್ರುನೆಲ್ಲೊಗೆ. ‘ದುಬಾರಿ ಬಾಟಲಿಯಲ್ಲಿ ಆ ಹೆಚ್ಚಿನ ದುಡ್ಡಿಗೆ ಏನು ಸಿಗುತ್ತೆ’ ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಮೊದಲ ಗುಟುಕಿಗೆ ರೊಸ್ಸೊ ಹೆಚ್ಚು ಖುಷಿ ಕೊಟ್ಟರೂ ಕೊಡಬಹುದು. ಬ್ರುನೆಲ್ಲೊದ ರುಚಿ ನುಂಗಿದ ಮೇಲೂ ಎಷ್ಟು ಹೊತ್ತು ಉಳಿಯುತ್ತದೆ, ಉಳಿಯುವಾಗ ಬದಲಾಗುತ್ತದಾ, ಇದನ್ನು ಗಮನಿಸಿ. ದುಡ್ಡು ಹೋಗಿರುವುದು ಅಲ್ಲಿಗೆ.

ಅಮರೋನೆ ಪ್ರಿಯ ಗೆಳೆಯರಿಗೆ ವಲ್ಪೊಲಿಚೆಲ್ಲಾ, ರಿಪಾಸ್ಸೊ, ಅಮರೋನೆ ಮೂರನ್ನೂ ಒಂದೇ ಮನೆಯದ್ದು ತಂದು ಸಾಲಾಗಿ ಕೊಡಿ. ಮೊದಲನೆಯದು ತಾಜಾ ದ್ರಾಕ್ಷಿಯದ್ದು. ಎರಡನೆಯದನ್ನು ಅಮರೋನೆ ಹಿಂಡಿದ ಮೇಲೆ ಉಳಿದ ಸಿಪ್ಪೆಯ ಮೇಲೆ ಹಾಯಿಸಿರುತ್ತಾರೆ. ಮೂರನೆಯದು ಪೂರ್ತಿ ಒಣಗಿಸಿದ್ದು. ಒಣಗಿಸುವುದರಿಂದ ಏನಾಗುತ್ತೆ ಅಂತ ಹತ್ತು ನಿಮಿಷದಲ್ಲಿ ಬಾಯಿಗೇ ಗೊತ್ತಾಗುತ್ತದೆ.

ಸಸ್ಸಿಕಾಯಾ, ತಿನ್ಯಾನೆಲ್ಲೊ, ಒರ್ನೆಲ್ಲಾಯಾ ಅನ್ನುವ ‘ಸೂಪರ್ ಟಸ್ಕನ್’ ಹೆಸರುಗಳನ್ನು ಅಳಿಯ ಖಂಡಿತ ಹೇಳುತ್ತಾರೆ. ಸೂಪರ್ ಟಸ್ಕನ್ ಅನ್ನುವುದು ಸರ್ಕಾರಿ ದರ್ಜೆಯಲ್ಲ, ಜನ ಕೊಟ್ಟ ಹೆಸರು. ಸಸ್ಸಿಕಾಯಾ ಸಮುದ್ರದ ಬದಿಯ ಬೊಲ್ಗೆರಿಯದ್ದು, ಮುಖ್ಯವಾಗಿ ಕ್ಯಾಬರ್ನೆ ಸೊವಿನ್ಯೊನ್ ಅನ್ನುವ ಫ್ರೆಂಚ್ ದ್ರಾಕ್ಷಿಯದ್ದು. 1968ರದ್ದು ಮೊದಲು ಮಾರಾಟಕ್ಕೆ ಬಂದಾಗ ನಿಯಮಕ್ಕೆ ಹೊಂದದೆ ಬರೀ ‘ಮೇಜಿನ ವೈನ್’ ಅಂತ ಕರೆಸಿಕೊಂಡಿತ್ತು. 1978ರಲ್ಲಿ ಲಂಡನ್ನಿನಲ್ಲಿ ನಡೆದ ಕ್ಯಾಬರ್ನೆ ಸ್ಪರ್ಧೆಯಲ್ಲಿ ಅದರ 1972ರ ಬಾಟಲಿ ಮೊದಲು ಬಂತು. ಅಲ್ಲಿಂದ ಕಥೆಯೇ ಬದಲಾಯಿತು. ಒಳ್ಳೆಯ ವೈನೇ. ಆದರೆ ಅದನ್ನು ಬ್ರುನೆಲ್ಲೊ ಪಕ್ಕ ಇಟ್ಟರೆ ನಿಮ್ಮ ಶನಿವಾರದ ಕಥೆ ಮತ್ತೆ ಆಗುತ್ತದೆ. ಅದರ ನೆಂಟರು ಫ್ರಾನ್ಸಿನ ಬೋರ್ದೊದಲ್ಲಿದ್ದಾರೆ, ಹೋಲಿಸುವುದಾದರೆ ಅಲ್ಲಿನದರ ಜೊತೆ ಹೋಲಿಸಿ.

ಕೂತು ಕುಡಿಯುವ ದಿನದ ಏರ್ಪಾಡು ಹೇಳುತ್ತೇನೆ. ‘ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು, ಕೋಣೆಯ ಬಿಸಿಯಲ್ಲೇ ಕುಡಿಯಬೇಕು’ ಅನ್ನುವುದು ಯುರೋಪಿನ ಹಳೆಯ ಕಲ್ಲಿನ ಮನೆಗಳ ಮಾತು. ನಮ್ಮ ಕೋಣೆ ಬೇಸಿಗೆಯಲ್ಲಿ 28, 30 ಡಿಗ್ರಿ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಗುಲಾಬಿ ಡಾಂಬರು ಯಾವುದೂ ಸಿಗುವುದಿಲ್ಲ. 16ರಿಂದ 18 ಡಿಗ್ರಿ ಸರಿ. ಬಾಟಲಿಯನ್ನು ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ತೀರಾ ತಣ್ಣಗೆ ಮಾಡಿದರೆ ಒಗರು ಇನ್ನೂ ಗಡಸಾಗುತ್ತದೆ, ಅದೂ ಬೇಡ. ಎಳೆ ನೆಬ್ಬಿಯೋಲೊವನ್ನು ಎರಡು ಮೂರು ಗಂಟೆ ಮೊದಲೇ ಅಗಲ ಬಾಯಿಯ ಗಾಜಿನ ಜಗ್ಗಿಗೆ ಬಗ್ಗಿಸಿಡಿ. ಬರೀ ಕಾರ್ಕ್ ತೆಗೆದಿಟ್ಟರೆ ಏನೂ ಆಗುವುದಿಲ್ಲ, ಬಾಟಲಿಯ ಕತ್ತಿನಷ್ಟು ಜಾಗಕ್ಕೆ ಎಷ್ಟು ಗಾಳಿ ತಾಕೀತು? ಹಳೆಯ ಬಾಟಲಿಯಾದರೆ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿದ ಮೇಲೆ ಕುಡಿಯುವ ಹೊತ್ತಿಗೆ ನಿಧಾನಕ್ಕೆ ಬಗ್ಗಿಸಿ.

ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ, ಬೇರೆಯವರ ಕೈಯಲ್ಲಿ ನಂಬರ್ ಬರೆಸಿ. ಬೆಲೆ ಗೊತ್ತಿದ್ದರೆ ನಾಲಿಗೆ ಬೆಲೆಯ ಪರ ವಾದ ಮಾಡುತ್ತದೆ. ಪ್ರತಿಯೊಬ್ಬರ ಮುಂದೆ ಒಂದೇ ಥರದ ಗ್ಲಾಸುಗಳು, ತಲಾ 50 ಮಿಲಿ ಸಾಕು. ಒಂದು ಬಾಟಲಿಗೆ ಆರು ಜನ ಎರಡು ಸುತ್ತು ಆರಾಮಾಗಿ ಕುಡಿಯಬಹುದು. ಮೊದಲ ಸುತ್ತಿಗೆ ಊಟ ಬೇಡ, ಬ್ರೆಡ್ಡು ನೀರು ಮಾತ್ರ. ಯಾರೂ ಮಾತಾಡುವ ಮುಂಚೆ ಎಲ್ಲರೂ ನಾಲ್ಕು ಸಾಲು ಬರೆದುಬಿಡಿ. ಗುಂಪಿನಲ್ಲಿ ಜೋರು ದನಿಯವರು ‘ಚೆರ್ರಿ’ ಅಂದರೆ ಉಳಿದವರಿಗೂ ಚೆರ್ರಿಯೇ ಸಿಗುತ್ತದೆ. ಏನು ಬರೆಯಬೇಕು? ಹುಳಿ ಎಷ್ಟು, ಒಗರು ಬಾಯಿಯ ಯಾವ ಜಾಗದಲ್ಲಿ, ರುಚಿ ಎಷ್ಟು ಹೊತ್ತು ನಿಂತಿತು. ಹಣ್ಣು ಹೂವಿನ ಹೆಸರು ಹೊಳೆದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ಎರಡನೆಯ ಸುತ್ತು ಊಟದ ಜೊತೆ. ಬೆಣ್ಣೆ ಹಾಕಿ ಬೇಯಿಸಿದ ಅಣಬೆ, ಕಡಿಮೆ ಖಾರದ ಮಟನ್, ಪಾರ್ಮಿಜಾನೊ ಚೀಸ್ ಸಿಕ್ಕರೆ ಅದು. ಈ ಸುತ್ತಿನಲ್ಲಿ ತೀರ್ಪು ಬದಲಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಅಮರೋನೆ ಇದ್ದರೆ ಅದು ಕೊನೆಗೆ. ಮೊದಲೇ ಕುಡಿದರೆ ಆಮೇಲೆ ಬಂದದ್ದೆಲ್ಲ ನೀರು ನೀರು, ಹುಳಿ ಹುಳಿ.

ಒಂದು ಎಚ್ಚರಿಕೆ. ಗ್ಲಾಸಿನಿಂದ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ. ಎಷ್ಟು ಹೊತ್ತು ಬಿಟ್ಟರೂ ಹೋಗುವುದಿಲ್ಲ. ಆ ಬಾಟಲಿಯನ್ನು ಹೋಲಿಕೆಯಿಂದ ತೆಗೆದುಬಿಡಿ.

ಹೊರಡುವ ಮುಂಚೆ ಇಲ್ಲೇ ಸ್ವಲ್ಪ ಅಭ್ಯಾಸವೂ ಆಗಲಿ. ಕೊಪ್ಪಳ ಜಿಲ್ಲೆಯ ಹಂಪಿ ಗುಡ್ಡಗಳ ಹತ್ತಿರ ಕೃಷ್ಮಾ ಅನ್ನುವ ವೈನರಿಯವರು ಸಾಂಜೋವೇಸೆ ಬೆಳೆದು ವೈನ್ ಮಾಡುತ್ತಾರೆ. ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲ್ಲಿ ವೈನರಿಯ ‘ಸೆತ್ತೆ’ ಅನ್ನುವ ವೈನಿನಲ್ಲೂ ಸಾಂಜೋವೇಸೆ ಇದೆ, ಕ್ಯಾಬರ್ನೆ ಜೊತೆ. ನಮ್ಮ ಬಿಸಿಲಿನ ದ್ರಾಕ್ಷಿ, ಟಸ್ಕನಿಯ ರುಚಿ ಹುಡುಕಬೇಡಿ. ಆ ಹುಳಿ ಚೆರ್ರಿಯ ಗುರುತು ಮಾತ್ರ ಹಿಡಿದುಕೊಳ್ಳಿ.

ನವೆಂಬರ್‌ನಲ್ಲಿ ಆಲ್ಬಾದಲ್ಲಿ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ದುಬಾರಿ ಅಣಬೆ) ಸೀಸನ್. ಜನ ಜಾಸ್ತಿ, ಕೋಣೆ ಬಾಡಿಗೆಯೂ ಜಾಸ್ತಿ. ಮಗಳ ಮನೆಯಿಂದಲೇ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬನ್ನಿ. ಬರೋಲೊ ಊರಿನ ಕೋಟೆಯಲ್ಲಿ ಎನೋತೆಕಾ ರೆಜಿಯೊನಾಲೆ, ಅಂದರೆ ಆ ಪ್ರದೇಶದ ವೈನ್ ಮಳಿಗೆ, ಇದೆ. ಬಾರ್ಬರೆಸ್ಕೊ ಊರಿನಲ್ಲೂ ಅಂಥದ್ದೇ ಒಂದು, ಹಳೆಯ ಚರ್ಚ್ ಕಟ್ಟಡದಲ್ಲಿ. ಹಲವು ಉತ್ಪಾದಕರ ವೈನ್ ಅಲ್ಲಿ ಒಂದೇ ಕಡೆ ಸಣ್ಣ ಅಳತೆಯಲ್ಲಿ ದುಡ್ಡು ಕೊಟ್ಟು ರುಚಿ ನೋಡಬಹುದು. ಇಡೀ ಬಾಟಲಿ ಕೊಳ್ಳುವ ಮೊದಲು ಅಲ್ಲಿ ಒಂದು ಗಂಟೆ ಕಳೆಯಿರಿ. ಗಾಡಿ ಓಡಿಸುವವರು ಉಗಿಯಲಿ. ಅದಕ್ಕೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ತರುವ ಲೆಕ್ಕ ಹೀಗೆ. ಭಾರತಕ್ಕೆ ಬರುವಾಗ ಒಬ್ಬರು 2 ಲೀಟರ್ ತನಕ ಸುಂಕವಿಲ್ಲದೆ ತರಬಹುದು. ಇಬ್ಬರಿಗೆ 4 ಲೀಟರ್, ಅಂದರೆ 750 ಮಿಲಿಯ ಐದು ಬಾಟಲಿ. ಲಾ ಮೊರ್ರಾದ ಬರೋಲೊ, ಸೆರ್ರಲುಂಗಾದ ಬರೋಲೊ, ಒಂದು ಬಾರ್ಬರೆಸ್ಕೊ, ಒಂದೇ ಮನೆಯ ರೊಸ್ಸೊ ಮತ್ತು ಬ್ರುನೆಲ್ಲೊ. ಎರಡು ಸಂಜೆಗೆ ಆಯಿತು. ನೆಬ್ಬಿಯೋಲೊ ಮೂರಕ್ಕೂ ವರ್ಷ ಒಂದೇ ಇರಲಿ. ಬೇಗ ಕುಡಿಯುವುದಾದರೆ 2018 ಅಥವಾ 2020 ಕೇಳಿ, ಎರಡೂ ಸ್ವಲ್ಪ ಮೆದು. 2016 ತುಂಬಾ ಹೆಸರು ಮಾಡಿದ ವರ್ಷ, ಸಿಕ್ಕರೆ ದುಬಾರಿ, ಆದರೆ ಈಗ ಕುಡಿದರೂ ಸಾರ್ಥಕ. 2019, 2021 ಇನ್ನೂ ಬಿಗಿ. ಡಿಒಸಿಜಿ (ಇಟಲಿಯ ವೈನ್‌ಗಳಿಗೆ ಕೊಡುವ ಅತಿ ಮೇಲಿನ ಸರ್ಕಾರಿ ದರ್ಜೆ) ಪಟ್ಟಿ ಅಂಟಿಸಿದ್ದಾರೆ ಅಂತ ಮಾತ್ರ ನೋಡಿ ಕೊಳ್ಳಬೇಡಿ. ಅದು ದ್ರಾಕ್ಷಿ, ಊರು, ತಿಂಗಳುಗಳ ಲೆಕ್ಕಕ್ಕೆ ಗ್ಯಾರಂಟಿ, ಮಾಡಿದವರ ಕೈಗುಣಕ್ಕಲ್ಲ.

ಕೊನೆಗೆ, ಮನೆಯಲ್ಲಿ ಉಳಿದಿರುವ ಆ ಇನ್ನೊಂದು ಬರೋಲೊ. ಇಟಲಿಯ ನೆಲಮಾಳಿಗೆಯಲ್ಲಾದರೆ ಹತ್ತು ವರ್ಷ ಇಡಿ ಅನ್ನುತ್ತಿದ್ದೆ. ಬೆಂಗಳೂರಿನ ಅಡುಗೆಮನೆ ಕಪಾಟಿನಲ್ಲಿ ಬೇಡ. ಬಿಸಿ ಏರಿ ಇಳಿದು ಎರಡು ಬೇಸಿಗೆಯಲ್ಲಿ ವೈನ್ ಸೊರಗುತ್ತದೆ, ಹದವಾಗುವುದಿಲ್ಲ. 12ರಿಂದ 15 ಡಿಗ್ರಿಯಲ್ಲಿ ಇಡುವ ವೈನ್ ಫ್ರಿಜ್ ಯಾರ ಮನೆಯಲ್ಲಾದರೂ ಇದ್ದರೆ ಅಲ್ಲಿ 2031ರ ತನಕ ಮಲಗಿಸಿಡಿ. ಇಲ್ಲದಿದ್ದರೆ ಕಾಯುವುದರಲ್ಲಿ ಲಾಭವಿಲ್ಲ. ಈ ಚಳಿಗಾಲದಲ್ಲೇ ತೆರೆಯಿರಿ. ಮಧ್ಯಾಹ್ನ ಮೂರಕ್ಕೆ ಜಗ್ಗಿಗೆ ಬಗ್ಗಿಸಿ, ರಾತ್ರಿ ಊಟದ ಹೊತ್ತಿಗೆ ಅರ್ಧ ಕುಡಿಯಿರಿ. ಮಿಕ್ಕಿದ್ದನ್ನು ಬಾಟಲಿಗೆ ತುಂಬಿ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ. ಮಾರನೆಯ ದಿನ ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಎಳೆ ನೆಬ್ಬಿಯೋಲೊ ಎರಡನೆಯ ದಿನ ಚೆನ್ನಾಗಿರುವುದೇ ಹೆಚ್ಚು.